ಹಲಗೆ ಸಿಕ್ಕಿತು, ನೀರೆಲ್ಲಿ?

ಪೀಣ್ಯದ ಆಸುಪಾಸಿನಲ್ಲಿ ನೀರು ಎಂದರೆ ಟ್ಯಾಂಕರು. ಬೇಸಿಗೆಯಲ್ಲಿ ಹೆಗ್ಗನಹಳ್ಳಿಯ ಅಡ್ಡರಸ್ತೆಗಳಲ್ಲಿ ಅದರ ಹಾರನ್ನು ಕೇಳಿದೊಡನೆ ಕೊಡ, ಬಕೆಟ್ಟು, ನೀಲಿ ಡ್ರಮ್ಮುಗಳು ಬಾಗಿಲಿಗೆ ಬಂದು ಸಾಲು ನಿಲ್ಲುತ್ತವೆ. ಇಂಥ ಕಡೆ ಒಂದು ರೂಮು, ಒಂದು ಅಡುಗೆಮನೆಯ ಬಾಡಿಗೆ ಮನೆಯಲ್ಲಿರುವ, ದಿನಕ್ಕೆ ಎಂಟು ಗಂಟೆ ಲೇತ್ ಮೆಷೀನಿನ ಮುಂದೆ ನಿಲ್ಲುವ ಟರ್ನರ್ ಒಬ್ಬನಿಗೆ ನೀರಿನ ಮೇಲೆ ನಿಲ್ಲಬೇಕೆಂಬ ಆಸೆ ಹುಟ್ಟಿತು. ನಿಂತೂ ನಿಂತೂ ದಣಿದವನಿಗೆ ಕೂರುವ ಆಸೆ ಹುಟ್ಟುವುದು ಸಹಜ. ಈತನಿಗೆ ನಿಲ್ಲಲು ಇನ್ನೊಂದು ಜಾಗ ಬೇಕಾಗಿತ್ತು.

ಆಸೆಯ ಬೀಜ ಬಿದ್ದದ್ದು ಮೂಲ್ಕಿಯಲ್ಲಿ. ಶೆಡ್ಡಿನ ಮಾಲೀಕರು ಆಯುಧಪೂಜೆ ಮುಗಿದ ಮೇಲೆ ಕೆಲಸಗಾರರನ್ನೆಲ್ಲ ಕರಾವಳಿಗೆ ಕರೆದುಕೊಂಡು ಹೋಗಿದ್ದರು. ಶಾಂಭವಿ ನದಿ ಕಡಲು ಸೇರುವ ಮುನ್ನ ಅಗಲವಾಗಿ, ಅವಸರವಿಲ್ಲದೆ ಹರಿಯುವ ಕಡೆ ನಾಲ್ಕಾರು ಮಂದಿ ಉದ್ದನೆಯ ಹಲಗೆಗಳ ಮೇಲೆ ನಿಂತು, ಒಂದೇ ಹುಟ್ಟು ಹಾಕುತ್ತ ಹೋಗುತ್ತಿದ್ದರು. ಬಾಡಿಗೆಗೆ ಅರ್ಧ ಗಂಟೆ ಹತ್ತಿದ. ಆರು ಸಲ ಬಿದ್ದ. ಏಳನೆಯ ಸಲ ನಿಂತ. ಬೆಂಗಳೂರಿಗೆ ಮರಳುವ ಬಸ್ಸಿನಲ್ಲಿ ಉಳಿದವರು ಮೀನೂಟದ ಮಾತಾಡುತ್ತಿದ್ದರೆ ಈತ ಮೊಬೈಲಿನಲ್ಲಿ ಹಲಗೆಗಳ ಬೆಲೆ ನೋಡುತ್ತಿದ್ದ.

ಈ ಆಟದ ಹೆಸರು ಸ್ಟ್ಯಾಂಡ್ ಅಪ್ ಪ್ಯಾಡಲಿಂಗ್. ಹವಾಯಿಯ ವೈಕಿಕಿ ಕಡಲತೀರದಲ್ಲಿ ಸರ್ಫಿಂಗ್ ಕಲಿಸುತ್ತಿದ್ದವರು ಕಳೆದ ಶತಮಾನದ ನಡುವಿನಲ್ಲೇ ಹೀಗೆ ನಿಂತು ಹುಟ್ಟು ಹಾಕುತ್ತಿದ್ದರು. ಜಗತ್ತಿನ ಉಳಿದೆಡೆ ಹರಡಿದ್ದು 2000ದ ಈಚೆಗೆ. ಕರ್ನಾಟಕಕ್ಕೆ ಇದರ ಬಾಗಿಲು ಮೂಲ್ಕಿಯೇ. ಅಲ್ಲಿ 2004ರಲ್ಲಿ ಆರಂಭವಾದ ಮಂತ್ರ ಸರ್ಫ್ ಕ್ಲಬ್ಬು ಅಲೆಯ ಮೇಲಿನ ಆಟವನ್ನು ಈ ನಾಡಿಗೆ ಪರಿಚಯಿಸಿತು. 2024ರ ಮಾರ್ಚ್‌ನಲ್ಲಿ ಮಂಗಳೂರಿನ ಬಳಿ ಈ ಹಲಗೆಗಳ ಅಂತರರಾಷ್ಟ್ರೀಯ ಸ್ಪರ್ಧೆಯೂ ನಡೆಯಿತು. ಹಾಗೆ ನೋಡಿದರೆ ನಮ್ಮ ಕಡೆಯವರಿಗೆ ಇದರಲ್ಲಿ ಹೊಸದೇನಿಲ್ಲ. ಚೆನ್ನೈ ಕರಾವಳಿಯ ಬೆಸ್ತರು ಮರದ ದಿಮ್ಮಿಗಳನ್ನು ಕಟ್ಟಿ ಕಡಲಿಗಿಳಿಯುತ್ತಿದ್ದ ಕಟ್ಟುಮರವೇ ಇಂಗ್ಲಿಷಿಗೆ ಹೋಗಿ ಕ್ಯಾಟಮರಾನ್ ಆಯಿತು. ಅವರಿಗದು ಹೊಟ್ಟೆಪಾಡು, ಇವರಿಗಿದು ಭಾನುವಾರ.

ಟರ್ನರನ ಬಳಿ ಇದ್ದದ್ದು ಹದಿನೆಂಟು ಸಾವಿರ ರೂಪಾಯಿ. ಎರಡು ವರ್ಷ ಕಟ್ಟಿದ ಚೀಟಿ ಎತ್ತಿದ ದುಡ್ಡು.

"ಈ ದುಡ್ಡಿಗೆ ಒಂದು ವಾಷಿಂಗ್ ಮೆಷೀನ್ ಬರೋದು ಕಣ್ರೀ" ಎಂದಳು ಹೆಂಡತಿ.

"ಅದಕ್ಕೆ ನೀರು ಎಲ್ಲಿಂದ ತರ್ತೀಯ?" ಎಂದು ಈತ ಗೆದ್ದವನಂತೆ ಕೇಳಿದ.

"ನಿಮ್ಮ ಹಲಗೆಗೆ ಎಲ್ಲಿಂದ ತರ್ತೀರೋ ಅಲ್ಲಿಂದ್ಲೇ."

ಹೆಂಡತಿಯ ಮಾತಿನಲ್ಲಿ ಹುರುಳಿತ್ತು. ಮೊದಲ ಹಲಗೆ ಕೊಳ್ಳುವವರೆಲ್ಲ ಅದರ ಉದ್ದಗಲ ವಿಚಾರಿಸುತ್ತಾರೆ. ವಿಚಾರಿಸಬೇಕಾದ ಮೊದಲ ಸಂಗತಿ ಅದನ್ನು ಇಳಿಸುವ ನೀರು. ಬೆಂಗಳೂರಿನ ಹೊರವಲಯದಲ್ಲಂತೂ ಹಲಗೆಗಿಂತ ನೀರೇ ದುಬಾರಿ ಎಂಬುದು ಆತನಿಗೆ ಮುಂದಿನ ನಾಲ್ಕು ಭಾನುವಾರಗಳಲ್ಲಿ ಗೊತ್ತಾಯಿತು.

ಈಗ ಮೆಟ್ರೊ ರೈಲು ಮೂರೂ ದಿಕ್ಕಿಗೆ ಮುಟ್ಟಿದೆ. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟಿನಲ್ಲಿ ಬಂತು. ಹಾಗಾಗಿ ಕೆರೆ ಹುಡುಕುವುದು ಕಷ್ಟವಾಗಲಿಲ್ಲ. ಹೆಸರಿಗಂತೂ ಬರವಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ, ದೊಡ್ಡ ನದಿಯೊಂದರ ಆಸರೆಯಿಲ್ಲದೆ ಕುಳಿತ ಊರು ಬೆಂಗಳೂರು. ಅದಕ್ಕೇ ಹಿಂದಿನವರು ಹಳ್ಳಹಳ್ಳಕ್ಕೂ ಏರಿ ಕಟ್ಟಿ, ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆ ತುಂಬುವಂತೆ ಸರಮಾಲೆ ಮಾಡಿದ್ದರು. ಮಳೆಯ ನೀರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಆದರೆ ಮೇಲಿನ ಊರು ಬಚ್ಚಲ ನೀರು ಬಿಟ್ಟರೆ ಅದೂ ಅಷ್ಟೇ ನಿಷ್ಠೆಯಿಂದ ಕೆಳಗಿನ ಕೆರೆಗೆ ಇಳಿಯುತ್ತದೆ.

ಪೀಣ್ಯದಲ್ಲೇ ಕರಿಹೋಬನಹಳ್ಳಿ, ಶಿವಪುರ, ನೆಲಗದರನಹಳ್ಳಿಯ ಕೆರೆಗಳಿವೆ. 1970ರ ದಶಕದಲ್ಲಿ ಬೆಳೆದ ಈ ಕೈಗಾರಿಕಾ ಪ್ರದೇಶದಲ್ಲಿ ಲೋಹಕ್ಕೆ ಲೇಪ ಹಾಕುವ ಘಟಕಗಳು ಬಹಳ. ಇಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಪರೀಕ್ಷೆಗಳಲ್ಲಿ ಕಂಡಿದೆ. ಕ್ರೋಮ್ ಲೇಪದ ತೊಟ್ಟಿ ಹೇಗಿರುತ್ತದೆಂದು ಬಲ್ಲ ಟರ್ನರನಿಗೆ ಈ ನೀರಿಗೆ ಬೀಳುವ ಮನಸ್ಸಾಗಲಿಲ್ಲ. ಕಲಿಯುವವನು ಬೀಳುವುದು ಖಚಿತ ತಾನೆ.

ವೈಟ್‌ಫೀಲ್ಡಿನ ಕಡೆ ಹೋದ. 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ಬೇಸಾಯದ ನೆಲೆಯಾಗಿ ಆರಂಭವಾದ ಊರು. ಹತ್ತಿರದಲ್ಲೇ ವರ್ತೂರು ಕೆರೆ, ಅದರ ಮೇಲೆ ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ. ಹಲಗೆಗೆ ಬೇಕಾದಷ್ಟು ಹರವಿದೆ. ಆದರೆ ಬೆಳ್ಳಂದೂರು ಕೆರೆ 2015ರ ಮೇ ತಿಂಗಳಲ್ಲಿ ಹೊತ್ತಿಕೊಂಡಿತು, 2017ರ ಫೆಬ್ರವರಿಯಲ್ಲಿ ಮತ್ತೆ, 2018ರ ಜನವರಿಯಲ್ಲಿ ಇನ್ನೊಮ್ಮೆ. ನೀರು ಉರಿದ ಸುದ್ದಿಯನ್ನು ದೇಶವಿದೇಶಗಳ ಪತ್ರಿಕೆಗಳು ಬರೆದವು. ವರ್ತೂರು ಕೋಡಿಯಲ್ಲಿ ಏಳುತ್ತಿದ್ದ ನೊರೆ ಗಾಳಿಗೆ ಹಾರಿ ರಸ್ತೆಗೆ ಬೀಳುತ್ತಿತ್ತು. ಇದರ ಹಿಂದಿನ ವಿಜ್ಞಾನ ನಮ್ಮ ಬಟ್ಟೆ ಒಗೆಯುವ ಕಲ್ಲಿನದೇ. ಸಾಬೂನು ಪುಡಿಯ ಕಣಕ್ಕೆ ಎರಡು ತುದಿ. ಒಂದು ನೀರನ್ನು ಹಿಡಿಯುತ್ತದೆ, ಇನ್ನೊಂದು ನೀರಿನಿಂದ ಓಡುತ್ತದೆ. ಲಕ್ಷಾಂತರ ಬಚ್ಚಲುಗಳ ಸಾಬೂನು ಕೆರೆಯಲ್ಲಿ ಕೂಡಿ, ಕೋಡಿಯಲ್ಲಿ ಧುಮುಕುವಾಗ ಗಾಳಿ ಸೇರಿ ಕಡೆದಂತಾಗಿ ನೊರೆಯಾಗುತ್ತದೆ. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ಕೆರೆಗಳಿಗಾಗಿ 500 ಕೋಟಿ ರೂಪಾಯಿ ತೆಗೆದಿಡುವಂತೆ ರಾಜ್ಯಕ್ಕೆ ಹೇಳಿತು. ಆಮೇಲೆ ಹೂಳೆತ್ತುವ ಕೆಲಸ ನಡೆಯಿತು. ಟರ್ನರ್ ದಂಡೆಯಲ್ಲಿ ಸ್ವಲ್ಪ ಹೊತ್ತು ನಿಂತು, ಮೂಗು ಮುಚ್ಚಿಕೊಂಡು ಮೆಟ್ರೊ ಹತ್ತಿದ.

ಎಲೆಕ್ಟ್ರಾನಿಕ್ ಸಿಟಿಯ ಕಥೆ ತುಸು ಮೇಲು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ 332 ಎಕರೆಯಲ್ಲಿ ಹುಟ್ಟುಹಾಕಿದ ಈ ವಸಾಹತಿನ ಪಕ್ಕದ ಹೆಬ್ಬಗೋಡಿ ಕೆರೆ, ಬಯೋಕಾನ್ ಪ್ರತಿಷ್ಠಾನದ ಕೆಲಸದಿಂದ ಒಂದಿಷ್ಟು ಚೇತರಿಸಿಕೊಂಡಿತು. ಅಡ್ಡಾಡುವವರಿದ್ದಾರೆ, ಹಕ್ಕಿಗಳಿವೆ. ಆದರೆ ಊರ ಕೆರೆಗಳು ಚೆನ್ನಾಗಿರುವ ಕಡೆಯಲ್ಲೆಲ್ಲ ಬೇಲಿಯಿದೆ, ಗೇಟಿದೆ, ನೀರಿಗಿಳಿಯಬಾರದೆಂಬ ಫಲಕವಿದೆ. ಮುಳುಗಿ ಸತ್ತವರ ಲೆಕ್ಕ ಇಟ್ಟವರು ಬರೆಸಿದ ಫಲಕ ಅದು, ತಪ್ಪೆನ್ನುವಂತಿಲ್ಲ. ಒಟ್ಟಿನಲ್ಲಿ ಕೆಟ್ಟ ನೀರಿಗೆ ಇಳಿಯಲಾಗದು, ಒಳ್ಳೆಯ ನೀರಿಗೆ ಇಳಿಯಬಿಡರು.

ಹೀಗಿದ್ದೂ ಹಲಗೆಯ ಯೋಚನೆ ಬಿಡಲಿಲ್ಲ. ಆಸೆಗೆ ತರ್ಕ ಯಾವತ್ತೂ ಅಡ್ಡಬಂದದ್ದಿಲ್ಲ.

ಪೀಣ್ಯದವನಿಗೆ ಮೊದಲು ಹೊಳೆಯುವುದು "ನಾವೇ ಮಾಡಿಬಿಡೋಣ" ಎಂಬುದು. ಪಕ್ಕದ ಶೆಡ್ಡಿನಲ್ಲಿ ಫೈಬರ್ ತೊಟ್ಟಿ ಮಾಡುವ ಗೆಳೆಯನಿದ್ದ. ಥರ್ಮೋಕೋಲನ್ನು ಹಲಗೆಯಾಕಾರಕ್ಕೆ ಕೊಯ್ದು, ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ತೊಟ್ಟಿಗೆ ಬಳಿಯುವ ರಾಳವನ್ನೇ ಬಳಿದರೆ ಮುಗಿಯಿತು ಎಂದು ಇಬ್ಬರೂ ಲೆಕ್ಕ ಹಾಕಿದರು. ಒಂದು ತುಂಡಿನ ಮೇಲೆ ಬಳಿದು ನೋಡಿದರು. ಬಿಸಿನೀರಿಗೆ ಬಿದ್ದ ಬೆಲ್ಲದ ಅಚ್ಚಿನಂತೆ ಥರ್ಮೋಕೋಲ್ ಕುಸಿದು, ಕರಗಿ, ಅಂಟಾಯಿತು. ಆಗಬೇಕಾದದ್ದೇ. ಥರ್ಮೋಕೋಲ್ ಎಂದರೆ ಗಾಳಿ ತುಂಬಿ ಉಬ್ಬಿಸಿದ ಪಾಲಿಸ್ಟೈರೀನ್. ಆ ಪಾಲಿಯೆಸ್ಟರ್ ರಾಳದಲ್ಲಿರುವುದು ಸ್ಟೈರೀನ್ ದ್ರವ. ಸ್ವಜಾತಿಯದು ಸ್ವಜಾತಿಯದನ್ನು ಕರಗಿಸಿಕೊಳ್ಳುತ್ತದೆ. ಎಪಾಕ್ಸಿ ರಾಳ ಬಳಸಿದರೆ ಈ ತೊಂದರೆಯಿಲ್ಲ, ಆದರೆ ಅದರ ಬೆಲೆ ಹೆಚ್ಚು. ಥರ್ಮೋಕೋಲ್, ಬಟ್ಟೆ, ಎಪಾಕ್ಸಿ, ಅಡಿಯ ರೆಕ್ಕೆ ಎಲ್ಲ ಕೂಡಿಸಿದಾಗ ಹಳೆಯ ಹಲಗೆಯ ಬೆಲೆಗೇ ಬಂದು ನಿಂತಿತು. ಜೊತೆಗೆ, ಮಾಡಿದ ಹಲಗೆ ಹತ್ತಡಿ ಉದ್ದ. ಮನೆಯ ರೂಮೂ ಹತ್ತೇ ಅಡಿ. ಮಗು ಎಲ್ಲಿ ಮಲಗಬೇಕು?

ಹಾಗಾಗಿ ಗಟ್ಟಿ ಹಲಗೆ ಬಿಟ್ಟು ಗಾಳಿ ತುಂಬುವ ಹಲಗೆಯತ್ತ ಹೊರಳಬೇಕಾಯಿತು. ಗಾಳಿ ಹಲಗೆ ಎಂದರೆ ಮಕ್ಕಳ ಈಜುಕೊಳದ ಬಲೂನು ಎಂದು ತಿಳಿಯಬೇಡಿ. ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ನಡುವೆ ಸಾವಿರಾರು ನೂಲೆಳೆಗಳ ಹೊಲಿಗೆ ಇರುತ್ತದೆ. ಎಷ್ಟು ಗಾಳಿ ತುಂಬಿದರೂ ಅದು ಉಂಡೆಯಾಗದೆ ಚಪ್ಪಟೆಯಾಗಿಯೇ ಬಿಗಿಯುತ್ತದೆ. ಸುತ್ತಿ ಚೀಲಕ್ಕೆ ಹಾಕಿದರೆ ಹುಟ್ಟು, ಪಂಪು ಸೇರಿ ಹನ್ನೆರಡು ಹದಿಮೂರು ಕೆಜಿ. ಮಂಚದ ಕೆಳಗೆ ಹಿಡಿಸುತ್ತದೆ, ಬಸ್ಸಿಗೂ ಏರುತ್ತದೆ.

ಅಂಗಡಿಯ ಹೊಸ ಹಲಗೆಗಳು ಚೀಟಿ ದುಡ್ಡನ್ನು ದಾಟುತ್ತಿದ್ದವು. ಅಗ್ಗದ ಹೊಸದು ಮತ್ತು ಒಳ್ಳೆಯ ಹಳೆಯದು ಇವುಗಳಲ್ಲಿ ಎರಡನೆಯದೇ ಲೇಸು. ಅಗ್ಗದವುಗಳಲ್ಲಿ ದಪ್ಪ ಕಡಿಮೆ ಮಾಡಿರುತ್ತಾರೆ. ನಾಲ್ಕು ಅಂಗುಲ ದಪ್ಪದ ಹಲಗೆಗಿಂತ ಆರು ಅಂಗುಲದ್ದು ಬಾಗುವಿಕೆಗೆ ಎರಡು ಪಟ್ಟಿಗೂ ಹೆಚ್ಚು ಬಿಗಿ. ತೆಳುವಾದದ್ದರ ನಡುವೆ ನಿಂತರೆ ಹಗ್ಗದ ಮಂಚದಂತೆ ಜೋಲುತ್ತದೆ. ಇನ್ನು ಅಗಲ. ಹಲಗೆ ಮಗುಚದೆ ನಿಲ್ಲುವ ಗುಣ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. 28 ಅಂಗುಲದ ಬದಲು 32 ಅಂಗುಲ ಆಯ್ದರೆ ಹೆಚ್ಚಿದ್ದು ನಾಲ್ಕೇ ಅಂಗುಲ, ಆದರೆ ಭದ್ರತೆ ಸುಮಾರು ಒಂದೂವರೆ ಪಟ್ಟು. ವೇಗ ತುಸು ತಗ್ಗುತ್ತದೆ. ಮೊದಲ ವರ್ಷದಲ್ಲಿ ವೇಗ ಯಾರಿಗೆ ಬೇಕು?

ತೂಕ ತಡೆಯುತ್ತದೆಯೇ ಎಂಬ ಹೆದರಿಕೆಗೆ ಆರ್ಕಿಮಿಡೀಸನ ಲೆಕ್ಕ ಸಾಕು. 10 ಅಡಿ ಉದ್ದ, 32 ಅಂಗುಲ ಅಗಲ, 6 ಅಂಗುಲ ದಪ್ಪದ ಹಲಗೆಯ ಗಾತ್ರ, ಮೂತಿ ಬಾಲಗಳ ದುಂಡು ಕಳೆದು ಸುಮಾರು 280 ಲೀಟರ್. ಒಂದು ಲೀಟರ್ ನೀರು ಸರಿಸಿದರೆ ಒಂದು ಕೆಜಿಯ ಆಸರೆ. 68 ಕೆಜಿಯ ಮನುಷ್ಯ, 9 ಕೆಜಿಯ ಹಲಗೆ ಸೇರಿ 77. ಅಂದರೆ ಹಲಗೆಯ ಕಾಲುಭಾಗಕ್ಕಿಂತ ತುಸು ಹೆಚ್ಚು ಮಾತ್ರ ನೀರೊಳಗೆ.

ಇಂಥದ್ದೇ ಅಳತೆಯ ಹಲಗೆಯೊಂದು ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಮಾರಾಟಕ್ಕಿದೆ ಎಂದು ಗೊತ್ತಾಯಿತು. ಟರ್ನರ್ ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಶಾಂಪೂ ಬಾಟಲಿಯಲ್ಲಿ ಸಾಬೂನು ನೀರು ತುಂಬಿಕೊಂಡು ಹೋದ. ಮಾರುವವರು ಹುಬ್ಬಳ್ಳಿ ಕಡೆಯ ಎಂಜಿನಿಯರು. ಕೆಲಸದ ಮೇಲೆ ಕೆನಡಾಕ್ಕೆ ಹೊರಟಿದ್ದರು.

"ಬರ್ರಿ, ಒಳಗ ಬರ್ರಿ. ಕೊರೊನಾ ಟೈಮಿನ್ಯಾಗ ತಗೊಂಡಿದ್ದು. ಎರಡ ಸಲ ಅಷ್ಟ ನೀರಿಗೆ ಇಳಿಸೀನ್ರಿ" ಎಂದರು. ಹದಿಮೂರು ಸಾವಿರ ಹೇಳಿದರು.

ಟರ್ನರ್ ಮಾತಾಡದೆ ಪಂಪು ತೆಗೆದ. 15 ಪಿಎಸ್ಐ ಬರುವವರೆಗೆ ಕೈಯಲ್ಲೇ ತುಂಬಿದ. ಮೊದಲ ಹತ್ತು ಸಲೀಸು, ಕೊನೆಯ ಐದಕ್ಕೆ ಬೆನ್ನು ಬೆವೆಯುತ್ತದೆ. ಪೀಣ್ಯದವರ ಬಾಯಲ್ಲಿ ಈ ಒತ್ತಡ ಸುಮಾರು "ಒಂದು ಕೆಜಿ ಗಾಳಿ". ಅಲ್ಲಿನ ಶೆಡ್ಡುಗಳ ಕಂಪ್ರೆಸರಿನಲ್ಲಿ ಏಳು ಕೆಜಿ ಇರುತ್ತದೆ. ಸುಲಭವಾಯಿತೆಂದು ಹಲಗೆಯನ್ನು ಅದಕ್ಕೆ ಕೊಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಹೊಲಿಗೆ ಹರಿದೀತು. ತುಂಬಿದ ಮೇಲೆ ಅಂಚುಗಳ ಅಂಟಿಗೂ ಕವಾಟಕ್ಕೂ ಸಾಬೂನು ನೀರು ಬಳಿದು ಕೂತ. ಗಾಳಿಯ ಪೈಪು ಸೋರುತ್ತದೆಯೇ ಎಂದು ಶೆಡ್ಡಿನಲ್ಲಿ ನೋಡುವುದೂ ಹೀಗೆಯೇ. ಅಂಚು ಭದ್ರವಿತ್ತು. ಕವಾಟದ ಬುಡದಲ್ಲಿ ಸಣ್ಣ ಗುಳ್ಳೆ ಎದ್ದಿತು.

ಎಂಜಿನಿಯರರ ಮುಖ ಸಪ್ಪಗಾಯಿತು. ಚೌಕಾಸಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ಟರ್ನರ್ ಮಾತ್ರ ಬಾಯಿ ತಡೆಯದೆ, "ಇದೇನಿಲ್ಲ ಸಾರ್, ಬಿಗಿ ಮಾಡಿದ್ರೆ ಸರಿಹೋಗುತ್ತೆ" ಎಂದು ಚೀಲದಲ್ಲಿದ್ದ ಪ್ಲಾಸ್ಟಿಕ್ ಸ್ಪ್ಯಾನರ್ ತೆಗೆದು ಕಾಲು ಸುತ್ತು ತಿರುಗಿಸಿಯೇಬಿಟ್ಟ. ಗುಳ್ಳೆ ನಿಂತಿತು. ಒಂದು ಗಂಟೆ ಬಿಟ್ಟು ಅಳೆದಾಗ ಮುಳ್ಳು ಕೂದಲಷ್ಟು ಇಳಿದಿತ್ತು. ತುಂಬುವಾಗ ಬಿಸಿಯಾದ ಗಾಳಿ ತಣಿದರೆ ಅಷ್ಟು ಇಳಿಯುವುದು ಸೋರಿಕೆಯಲ್ಲ. ಎಂಜಿನಿಯರರೇ ಮನಸ್ಸು ಕರಗಿ ಹನ್ನೊಂದೂವರೆ ಸಾವಿರಕ್ಕೆ ಕೊಟ್ಟರು. "ಮೊದ್ಲು ರೇಟು ಮಾತಾಡಿ ಆಮೇಲೆ ತಿರುಗಿಸಬಾರದಿತ್ತೇನ್ರೀ" ಎಂದು ಹೆಂಡತಿ ಅಂದದ್ದು ರಾತ್ರಿಯ ಮಾತು.

ಉಳಿದದ್ದು ಆರೂವರೆ ಸಾವಿರ. ಇಲ್ಲಿಯೇ ಬಹಳ ಮಂದಿ ಎಡವುವುದು. ಹಲಗೆಗೆ ಎಲ್ಲ ಸುರಿದು, ಜೀವರಕ್ಷಕ ಜಾಕೆಟ್ಟನ್ನು ಮುಂದಿನ ತಿಂಗಳಿಗೆ ಇಡುತ್ತಾರೆ. ಈತ 50 ನ್ಯೂಟನ್ ಎಂದು ಬರೆದಿದ್ದ ಜಾಕೆಟ್ಟನ್ನು ಹೊಸದೇ ಕೊಂಡ. 50 ನ್ಯೂಟನ್ ಎಂದರೆ ಐದು ಕೆಜಿಯಷ್ಟು ಎತ್ತುವ ಬಲ. ಮನುಷ್ಯನ ದೇಹದ ಸಾಂದ್ರತೆ ನೀರಿಗೆ ಬಲು ಹತ್ತಿರ ಇರುವುದರಿಂದ ಈಜು ಬಲ್ಲವನ ತಲೆ ಮೇಲಿಡಲು ಅಷ್ಟು ಸಾಕು. ಹಲಗೆಗೂ ಕಾಲಿಗೂ ಕಟ್ಟುವ ಸುರುಳಿ ಹಗ್ಗ ಹಳೆಯದಾಗಿತ್ತು, ಅದನ್ನೂ ಹೊಸದು ತಂದ. ಬಿದ್ದಾಗ ಹಲಗೆ ಗಾಳಿಗೆ ತೇಲಿಹೋದರೆ ಅದನ್ನು ಹಿಂಬಾಲಿಸಿ ಈಜಿಯೇ ಜನ ಸುಸ್ತಾಗುವುದು. ಆದರೆ ಈ ಕಾಲಹಗ್ಗ ನಿಂತ ನೀರಿಗೆ ಸರಿ, ಹರಿಯುವ ಹೊಳೆಗಲ್ಲ. ಹೊಳೆಯಲ್ಲಿ ಹಗ್ಗ ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಸೆಳವಿನಲ್ಲಿ ಕಾಲಿನವರೆಗೆ ಬಗ್ಗಿ ಬಿಚ್ಚಲಾಗದು. ಅಲ್ಲಿಗೆ ಸೊಂಟದಿಂದ ಎಳೆದರೆ ಕಳಚುವ ಬೆಲ್ಟು ಬೇಕು. ಹುಟ್ಟು ಮಾತ್ರ ಹಲಗೆಯ ಜೊತೆ ಬಂದ ಅಲ್ಯೂಮಿನಿಯಮ್ಮಿನದೇ. ಭಾರ ಹೆಚ್ಚು, ಆದರೆ ಕಾರ್ಬನ್ ಹುಟ್ಟಿಗೆ ಕೊಡುವ ದುಡ್ಡಿನಲ್ಲಿ ಮಗುವಿಗೆ ಸ್ಕೂಲ್ ಬ್ಯಾಗು, ಶೂ ಎಲ್ಲ ಬಂದುಬಿಡುತ್ತವೆ.

ಇನ್ನು ನೀರು. ಮೂಲ್ಕಿಗೆ ಹೋಗಿಬರುವ ಬಸ್ಸು, ಊಟ, ರೂಮು ಸೇರಿದರೆ ನಾಲ್ಕು ಪ್ರಯಾಣಕ್ಕೆ ಇನ್ನೊಂದು ಹಲಗೆಯ ದುಡ್ಡಾಗುತ್ತದೆ. ವರ್ಷಕ್ಕೊಮ್ಮೆ ಹೋಗುವವನು ಅಲ್ಲೇ ಬಾಡಿಗೆಗೆ ಹತ್ತುವುದು ಜಾಣತನ. ಉತ್ತರ ಕೊನೆಗೆ ಹೊಳೆದದ್ದು ಶಾಲೆ ರಜೆಗೆ ಊರಿಗೆ ಹೊರಡುವ ದಿನ, ಅದೂ ಹೆಂಡತಿಗೆ. "ನಿಮ್ಮೂರಲ್ಲಿ ಕೆರೆ ಇಲ್ವೇನ್ರೀ? ಈ ಸಲ ಹೇಮಾವತಿ ಬಿಟ್ಟಿದಾರಂತೆ."

ಆತನ ಊರು ತಿಪಟೂರಿನ ಆಚೆ. ಗೊರೂರಿನ ಅಣೆಕಟ್ಟೆಯಿಂದ ಬರುವ ಹೇಮಾವತಿ ನಾಲೆ ಆ ಸೀಮೆಯ ಎಷ್ಟೋ ಕೆರೆಗಳನ್ನು ತುಂಬಿಸುತ್ತದೆ. ಈಜು ಕಲಿತದ್ದೂ ಅದೇ ಕೆರೆಯಲ್ಲಿ, ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿಕೊಂಡು. ಯಶವಂತಪುರದಲ್ಲಿ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಊರು.

ಮೀನಿಗೆ ಗುತ್ತಿಗೆ ಹಿಡಿದವರು ಏರಿಯ ಮೇಲೆ ಬಲೆ ಬಿಡಿಸುತ್ತ ಕೂತಿದ್ದರು. ಹರಿಗೋಲು ಬೋರಲಾಗಿ ಒಣಗುತ್ತಿತ್ತು. ಟರ್ನರ್ ಹಲಗೆಯನ್ನು ಹೊತ್ತು ಬರುವುದನ್ನು ನೋಡಿ ಹಿರಿಯನೊಬ್ಬ ಕೂಗಿದ.

"ಏನ್ಲಾ, ಮನೆ ಬಾಗ್ಲು ಕಿತ್ಕಂಡು ಬಂದಿದೀಯಾ?"

"ಇಲ್ಲ ಮಾವ. ಇದ್ರ ಮೇಲೆ ನಿಂತ್ಕಂಡು ಹೋಗೋದು."

"ಕುಂತ್ಕಂಡು ಹೋಗೋಕೆ ಏನಾಗಿತ್ತು ನಿಂಗೆ?"

ನಕ್ಕದ್ದಾದ ಮೇಲೆ ಮಾವ ಕರಾರು ಹಾಕಿದ. ಹಲಗೆಯ ಅಡಿಯ ರೆಕ್ಕೆ ನೋಡಿದವನೇ, ಬಲೆ ಬಿಟ್ಟಿರುವ ಮೂಡಗಡೆಗೆ ಬರಕೂಡದು ಎಂದ. ತೂಬಿನ ಹತ್ತಿರವಂತೂ ಬೇಡ, ಗದ್ದೆಗೆ ನೀರು ಬಿಟ್ಟಿದ್ದಾರೆ, ಅಡಿಯಲ್ಲಿ ಸೆಳೆಯುತ್ತದೆ. ಗಾಳಿಗೆ ಎದುರಾಗಿ ಮೊದಲು ಹೋಗು, ಬರುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ, ತಿರುಗುಮುರುಗು ಮಾಡಿದರೆ ಆಚೆ ದಡದಿಂದ ನಡೆದು ಬರಬೇಕಾದೀತು ಎಂದೂ ಹೇಳಿದ. ಹಲಗೆ ಮಾರುವವರ ಪುಸ್ತಕದಲ್ಲಿ ಇದೇ ಮಾತನ್ನು ಚಿತ್ರ ಬರೆದು ವಿವರಿಸಿರುತ್ತಾರೆ.

ಮೊದಲು ಮಂಡಿಯೂರಿ ಹೋದ. ಆಮೇಲೆ ಎದ್ದ, ಬಿದ್ದ, ಮತ್ತೆ ಎದ್ದ. ಕಾಲಡಿ ನೋಡಿದರೆ ಬೀಳುವುದು, ದೂರದ ತೆಂಗಿನ ಸಾಲು ನೋಡಿದರೆ ನಿಲ್ಲುವುದು ಎಂದು ಮೂಲ್ಕಿಯಲ್ಲಿ ಹೇಳಿಕೊಟ್ಟದ್ದು ನೆನಪಿಗೆ ಬಂತು. ಅರ್ಧ ಗಂಟೆ ಕಳೆಯುವ ಹೊತ್ತಿಗೆ ಏರಿಯ ಮೇಲೆ ಊರಿನ ಮಕ್ಕಳೆಲ್ಲ ಸೇರಿದ್ದರು. ದಡಕ್ಕೆ ಬಂದವನು ಹಲಗೆಯನ್ನು ಬಿಸಿಲಿನಿಂದ ಹುಣಸೆಮರದ ನೆರಳಿಗೆ ಎಳೆದ. ಬಿಸಿಲಲ್ಲಿ ಬಿಟ್ಟು ಒಳಗಿನ ಗಾಳಿ 27 ಡಿಗ್ರಿಯಿಂದ 57ಕ್ಕೆ ಕಾದರೆ 15 ಇದ್ದ ಒತ್ತಡ 18ರ ಹತ್ತಿರ ಹೋಗುತ್ತದೆ. ಹಳೆಯ ಅಂಟಿಗೆ ಅದು ಒಳ್ಳೆಯದಲ್ಲ.

ಬಟ್ಟೆ ಒಗೆಯುವ ನೆಪದಲ್ಲಿ ಬಂದು ಕಲ್ಲಿನ ಮೇಲೆ ಕೂತಿದ್ದ ಹೆಂಡತಿ, ಯಾರೂ ಕೇಳದಂತೆ, "ನನ್ನೂ ಒಂದ್ಸಲ ಕೂರಿಸ್ರೀ" ಎಂದಳು. ಲೆಕ್ಕದ ಪ್ರಕಾರ ಇಬ್ಬರನ್ನೂ ಹಲಗೆ ತಾಳುತ್ತಿತ್ತು. ಆದರೆ ಜಾಕೆಟ್ಟು ಇದ್ದದ್ದು ಒಂದೇ. ಅದನ್ನು ಆಕೆಗೆ ತೊಡಿಸಿ, ನಡುವೆ ಕೂರಿಸಿ, ಟರ್ನರ್ ಸೊಂಟಮಟ್ಟದ ನೀರಿನಲ್ಲಿ ಇಳಿದು ತಳ್ಳುಗಾಡಿಯಂತೆ ಹಲಗೆಯನ್ನು ತಳ್ಳುತ್ತ ದಡದ ಗುಂಟ ನಡೆದ. ಏರಿಯ ಮೇಲಿಂದ ಮಾವ ಮತ್ತೆ ಕೂಗಿದ.

"ನೋಡ್ಲಾ, ಕುಂತ್ಕಂಡೇ ಹೋಯ್ತಾವ್ಳೆ!"